ಕೋಟೆಯ ಹೊರಗಿನ ಪೇಟೆ: ವಿಂಡೋಲಂಡಾ ಉತ್ಖನನ ಮತ್ತು ವಿಂಗಡಣೆಯ ಪ್ರಶ್ನೆ

ರೋಮನ್ ಬ್ರಿಟನ್ನಿನ ಗಡಿಯನ್ನು ಕುರಿತ ಪುರಾತತ್ತ್ವ ಅಧ್ಯಯನವು ಬಹುಕಾಲ ಕೋಟೆಗಳ ಅಧ್ಯಯನವೇ ಆಗಿತ್ತು. ಕ್ರಿ.ಶ. ೧೨೨ರಲ್ಲಿ ಆರಂಭವಾದ ಹೇಡ್ರಿಯನ್ ಗೋಡೆ, ಅದರ ಕಾವಲು ಕೋಟೆಗಳು, ಅಲ್ಲಿದ್ದ ಸೈನ್ಯದಳಗಳು ಇವೇ ಸಂಶೋಧನೆಯ ಕೇಂದ್ರದಲ್ಲಿದ್ದವು. ಕೋಟೆಯ ಬಾಗಿಲಾಚೆ ಹಬ್ಬಿದ್ದ ವಸತಿಯನ್ನು ಲ್ಯಾಟಿನ್ನಿನಲ್ಲಿ ‘ವೀಕುಸ್’ ಎನ್ನುತ್ತಿದ್ದರು. ಕನ್ನಡದ ‘ಕೋಟೆ-ಪೇಟೆ’ ಎಂಬ ಜೋಡಿಯಲ್ಲಿನ ಪೇಟೆಗೆ ಅದು ಸಮೀಪದ ಪದ. ಈ ಪೇಟೆಗೆ ವಿದ್ವತ್ತಿನಲ್ಲಿ ದೊರೆತ ಸ್ಥಾನ ಅನುಬಂಧದ್ದು. ಒಳಗೆ ಸೈನಿಕರು, ಹೊರಗೆ ವ್ಯಾಪಾರಿಗಳು, ಹೆಂಗಸರು, ಮಕ್ಕಳು ಎಂಬ ವಿಂಗಡಣೆಯನ್ನು ಸಾಕ್ಷ್ಯದಿಂದ ಪಡೆಯುವುದಕ್ಕೆ ಬದಲಾಗಿ ಸಾಕ್ಷ್ಯದ ಮೇಲೆ ಹೊರಿಸಲಾಯಿತೇ ಎಂಬುದು ಇಲ್ಲಿ ಪರಿಶೀಲನಾರ್ಹ.

ಪೇಟೆಯ ಅಧ್ಯಯನ ಆಗಲೇ ಇಲ್ಲವೆಂದಲ್ಲ. ೧೯೩೦ರ ದಶಕದಲ್ಲಿ ಎರಿಕ್ ಬರ್ಲಿ ಹೌಸ್‌ಸ್ಟೆಡ್ಸ್ ಕೋಟೆಯ ಹೊರಗೆ ಉತ್ಖನನ ನಡೆಸಿ, ರಸ್ತೆಗೆ ಮುಖಮಾಡಿದ ಕಿರಿದಗಲದ ಉದ್ದ ಮನೆಗಳನ್ನು ಬೆಳಕಿಗೆ ತಂದರು. ೧೯೬೫ರಲ್ಲಿ ಪೀಟರ್ ಸಾಲ್ವೇ ಅವರ ‘ದಿ ಫ್ರಾಂಟಿಯರ್ ಪೀಪಲ್ ಆಫ್ ರೋಮನ್ ಬ್ರಿಟನ್’ ಗಡಿಯ ಸೈನಿಕೇತರ ಜನರನ್ನೇ ವಸ್ತುವಾಗಿಸಿಕೊಂಡಿತು. ವಿಂಡೋಲಂಡಾದ ಪೇಟೆಯವರು ವಲ್ಕನ್ ದೇವತೆಗೆ ಅರ್ಪಿಸಿದ ಬಲಿಪೀಠದ ಶಾಸನದಲ್ಲಿ ಅವರು ತಮ್ಮನ್ನು ‘ವಿಂಡೋಲಂಡಾದ ವೀಕುಸ್‌ನವರು’ ಎಂದೇ ಕರೆದುಕೊಂಡಿದ್ದಾರೆ. ಸಾಮೂಹಿಕವಾಗಿ ವ್ಯವಹರಿಸಬಲ್ಲ ಸಮುದಾಯವೊಂದು ಅಲ್ಲಿತ್ತೆಂಬುದಕ್ಕೆ ಇದು ಪ್ರಬಲ ಆಧಾರ. ಆದರೆ ಶಾಸನವು ಹೆಸರನ್ನು ತಿಳಿಸುತ್ತದೆಯೇ ಹೊರತು ಯಾರು ಎಲ್ಲಿ ಮಲಗುತ್ತಿದ್ದರೆಂಬುದನ್ನು ತಿಳಿಸುವುದಿಲ್ಲ.

ಈ ಕೊರತೆಯನ್ನು ತುಂಬಿದ್ದು ವಿಂಡೋಲಂಡಾದ ಮಣ್ಣು. ಗೋಡೆಗಿಂತ ತುಸು ದಕ್ಷಿಣಕ್ಕಿರುವ ಈ ನೆಲೆಯಲ್ಲಿ ಗೋಡೆ ಕಟ್ಟುವ ಮೊದಲೇ, ಸುಮಾರು ಕ್ರಿ.ಶ. ೮೫ರಿಂದ, ಮರದ ಕೋಟೆಗಳು ಒಂದರ ಮೇಲೊಂದು ಎದ್ದಿದ್ದವು. ಹಳೆಯದನ್ನು ಕೆಡವಿ ಮಣ್ಣುಹೆಂಟೆ, ಜೇಡಿಗಳಿಂದ ಮುಚ್ಚಿದ್ದರಿಂದ ಗಾಳಿಯಾಡದ ಸ್ತರಗಳಲ್ಲಿ ಮರ, ಚರ್ಮ ಕೊಳೆಯದೆ ಉಳಿದವು. ೧೯೭೩ರಲ್ಲಿ ರಾಬಿನ್ ಬರ್ಲಿ ಅವರ ಉತ್ಖನನದಲ್ಲಿ ಶಾಯಿಯಲ್ಲಿ ಬರೆದ ತೆಳು ಮರದ ಓಲೆಗಳು ಮೊದಲ ಬಾರಿಗೆ ದೊರೆತವು. ಅವು ದೊರೆತದ್ದು ಮೂರನೆಯ ಶತಮಾನದ ಪೇಟೆಯ ಕಟ್ಟಡಗಳ ಕೆಳಗೆ, ಹಿಂದಿನ ಮರದ ಕೋಟೆಗಳ ಸ್ತರದಲ್ಲಿ. ಒಂದು ಶತಮಾನದ ‘ಹೊರಗು’ ಇನ್ನೊಂದರ ‘ಒಳಗು’ ಆಗಿತ್ತು. ಸ್ತರವನ್ನು ಬಿಟ್ಟು ಕೇವಲ ನಕ್ಷೆಯನ್ನು ಆಧರಿಸಿದ ವಿಂಗಡಣೆ ಇಲ್ಲಿ ನಿಲ್ಲದು.

ಈ ಓಲೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಕ್ರಿ.ಶ. ೧೦೦ರ ಆಸುಪಾಸಿನಲ್ಲಿ ಕ್ಲಾಡಿಯಾ ಸೆವೆರಾ ತನ್ನ ಹುಟ್ಟುಹಬ್ಬಕ್ಕೆ ಸುಲ್ಪಿಸಿಯಾ ಲೆಪಿಡಿನಾಳನ್ನು ಆಹ್ವಾನಿಸಿದ ಪತ್ರ. ಗಡಿಯಲ್ಲಿ ಸ್ತ್ರೀಯರಿದ್ದರೆಂಬುದಕ್ಕೆ ಇದನ್ನು ಮತ್ತೆ ಮತ್ತೆ ಉಲ್ಲೇಖಿಸಲಾಗುತ್ತದೆ. ಆದರೆ ಲೆಪಿಡಿನಾ ದಳಪತಿ ಫ್ಲಾವಿಯಸ್ ಸೆರಿಯಾಲಿಸನ ಪತ್ನಿ. ದಳಪತಿಗಳು ಕುಟುಂಬಸಮೇತ ಇರುವುದಕ್ಕೆ ಅಡ್ಡಿಯಿರಲಿಲ್ಲ. ಕಾನೂನುಸಮ್ಮತ ವಿವಾಹ ನಿಷಿದ್ಧವಾಗಿದ್ದುದು ಸಾಮಾನ್ಯ ಸೈನಿಕರಿಗೆ, ಸೆಪ್ಟಿಮಿಯಸ್ ಸೆವೆರಸನ ಆಳ್ವಿಕೆಯವರೆಗೂ (ಕ್ರಿ.ಶ. ೧೯೩–೨೧೧) ಈ ನಿಷೇಧವಿತ್ತು. ಆದ್ದರಿಂದ ವಿಂಗಡಣೆಯನ್ನು ನಿಜವಾಗಿ ಅಲುಗಿಸುವ ಸಾಕ್ಷ್ಯ ಸೊಗಸಾದ ಪತ್ರವಲ್ಲ, ಸವೆದ ಪಾದರಕ್ಷೆ. ಕರೋಲ್ ವಾನ್ ಡ್ರೀಲ್-ಮರ್ರೇ ಪಾದರಕ್ಷೆಗಳ ಅಳತೆಗಳನ್ನು ಪರಿಶೀಲಿಸಿ, ಹೆಂಗಸರ ಮತ್ತು ಮಕ್ಕಳ ಅಳತೆಯವು ಸೈನಿಕರ ಸಾಲುಮನೆಗಳಲ್ಲೂ ಇದ್ದವೆಂದು ತೋರಿಸಿದರು. ಚಿಕ್ಕ ಪಾದರಕ್ಷೆ ಹದಿಹರೆಯದ ಹುಡುಗನದೂ ಆಗಿರಬಹುದೆಂಬ ಆಕ್ಷೇಪಕ್ಕೆ ಬೆಲೆಯಿದೆ. ಶಿಶುವಿನ ಪಾದರಕ್ಷೆಗೆ ಆ ಸಮಾಧಾನ ಸಾಲದು.

ಹಾಗಾದರೆ ಕೋಟೆಯ ಗೋಡೆ ಅರ್ಥಹೀನವಾಗಿತ್ತೆ? ಈಚಿನ ಕೆಲವು ಬರಹಗಳು ಕೋಟೆ, ಪೇಟೆಗಳನ್ನು ಒಂದೇ ಸಮುದಾಯವೆಂದು ಕರೆಯುವ ಉತ್ಸಾಹದಲ್ಲಿ ಈ ಪ್ರಶ್ನೆಯನ್ನು ಹಗುರಾಗಿಸುತ್ತವೆ. ಎರಡು ಓಲೆಗಳು ಇಲ್ಲಿ ಎಚ್ಚರಿಕೆ ನೀಡುತ್ತವೆ. ಆಕ್ಟೇವಿಯಸ್ ಎಂಬಾತ ಸುಮಾರು ೫,೦೦೦ ಮೋಡಿಯಸ್ ಧಾನ್ಯ ಕೊಂಡಿರುವುದಾಗಿಯೂ, ೫೦೦ ದಿನಾರಿಯಸ್ ತಕ್ಷಣ ಬಾರದಿದ್ದರೆ ಮುಂಗಡ ಹಣ ಮುಳುಗುವುದಾಗಿಯೂ ಬರೆಯುತ್ತಾನೆ. ಆತ ಸೈನಿಕನೋ ವರ್ತಕನೋ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ವ್ಯವಹಾರದಲ್ಲಿ ಗಡಿರೇಖೆ ಅಷ್ಟು ಮಸುಕು. ಇನ್ನೊಂದು ಓಲೆಯಲ್ಲಿ ಕಡಲಾಚೆಯಿಂದ ಬಂದವನೊಬ್ಬ, ನಿರಪರಾಧಿಯಾದ ತನ್ನನ್ನು ಕೋಲಿನಿಂದ ಹೊಡೆಯಲಾಯಿತೆಂದೂ ಶತಪತಿಗಳಿಗೆ ದೂರಿತ್ತರೂ ಫಲವಾಗಲಿಲ್ಲವೆಂದೂ ಮೇಲಧಿಕಾರಕ್ಕೆ ಮೊರೆಯಿಡುತ್ತಾನೆ. ಈ ಕರಡು ಧಾನ್ಯದ ಲೆಕ್ಕದ ಹಿಂಬದಿಯಲ್ಲಿದೆ. ಕೋಟೆಯೊಡನೆ ವ್ಯಾಪಾರ ಮಾಡಿದವನಿಗೂ ಕೋಟೆಯಿಂದ ನ್ಯಾಯ ಸಿಗುವ ಭರವಸೆಯಿರಲಿಲ್ಲ.

ಈ ಎರಡು ಬಗೆಯ ಸಾಕ್ಷ್ಯಗಳನ್ನು ಒಟ್ಟಿಗೆ ಓದಿದಾಗ, ಕೋಟೆಯ ಗೋಡೆ ವಾಸವನ್ನು ಪ್ರತ್ಯೇಕಿಸಿದ್ದಕ್ಕಿಂತ ಹೆಚ್ಚಾಗಿ ಹಕ್ಕನ್ನು ಪ್ರತ್ಯೇಕಿಸಿತು ಎಂಬ ನಿರ್ಣಯಕ್ಕೆ ಬರಬೇಕಾಗುತ್ತದೆ. ಹಳೆಯ ವಿದ್ವತ್ತು ಗೋಡೆಯನ್ನು ಕಂಡು ಅದನ್ನು ದಾಟುತ್ತಿದ್ದವರನ್ನು ಕಾಣಲಿಲ್ಲ; ಹೊಸ ವಿದ್ವತ್ತು ದಾಟುತ್ತಿದ್ದವರನ್ನು ಕಂಡು ಗೋಡೆಯನ್ನು ಮರೆಯುವ ಅಪಾಯವಿದೆ. ಪೇಟೆಯ ಉತ್ಖನನವು ಕೋಟೆಯ ಚರಿತ್ರೆಗೆ ಪುರವಣಿಯಾಗಿ ಉಳಿಯಬಾರದು. ಸೈನ್ಯದ ದಾಖಲೆಗಳಲ್ಲಿ ಎಣಿಕೆಗೆ ಬಾರದವರಿಲ್ಲದೆ ಆ ಸೈನ್ಯದ ದಿನಚರಿಯೇ ನಡೆಯುತ್ತಿರಲಿಲ್ಲವೆಂಬುದನ್ನು ನೆಲವೇ ಹೇಳುತ್ತಿದೆ.