ಗಾಬಾ ನಕ್ಷೆ ಹೇಳುವುದೇನು, ಹೇಳದಿರುವುದೇನು?

ಮಿದುಳಿನಲ್ಲಿ ನರಕೋಶಗಳ ಉದ್ರೇಕಕ್ಕೆ ಕಡಿವಾಣ ಹಾಕುವ ಪ್ರಮುಖ ನರಪ್ರೇಷಕ ಗಾಬಾ. 1950ರಲ್ಲಿ ಯೂಜೀನ್ ರಾಬರ್ಟ್ಸ್ ಮತ್ತು ಸ್ಯಾಮ್ ಫ್ರ್ಯಾಂಕೆಲ್ ಸುಂಡಿಲಿಯ ಮಿದುಳಿನಲ್ಲಿ ಇದನ್ನು ಗುರುತಿಸಿದರು. ಆದರೆ ಅರೆದ ಮಿದುಳು 'ಇದೆ' ಎನ್ನಬಲ್ಲದೇ ಹೊರತು 'ಯಾವ ಕೋಶದಲ್ಲಿದೆ' ಎನ್ನಲಾರದು. ಆ ಕೊರತೆಯನ್ನು ತುಂಬಿದ ಮಹತ್ವದ ಕೃತಿ, ಎನ್ರಿಕೊ ಮುನ್ಯಾಯಿನಿ ಮತ್ತು ವೋಲ್ಫ್‌ಗಾಂಗ್ ಓರ್ಟೆಲ್ 1985ರಲ್ಲಿ ಪ್ರಕಟಿಸಿದ ಇಲಿಯ ಕೇಂದ್ರ ನರಮಂಡಲದ ನಕ್ಷಾವಳಿ.

ಇದರ ಹಿರಿಮೆ ವ್ಯಾಪ್ತಿಯಲ್ಲಿದೆ. ಅಲ್ಲೊಂದು ಇಲ್ಲೊಂದು ಭಾಗವನ್ನಲ್ಲ, ಇಡೀ ನರಮಂಡಲವನ್ನು ಒಂದೇ ವಿಧಾನದಿಂದ ನೋಡಿದ್ದರಿಂದ ಭಾಗಗಳನ್ನು ಪರಸ್ಪರ ಹೋಲಿಸುವುದು ಸಾಧ್ಯವಾಯಿತು. ಆದರೂ ಓದುಗರು ಎಚ್ಚರ ವಹಿಸಬೇಕಾದ ಅಂಶಗಳಿವೆ.

ಮೊದಲನೆಯದಾಗಿ, ಇಲ್ಲಿ ಬಣ್ಣ ತಳೆದದ್ದು ಗಾಬಾ ಅಲ್ಲ. ಗ್ಲುಟಮೇಟಿನಿಂದ ಅದನ್ನು ತಯಾರಿಸುವ 'ಗ್ಯಾಡ್' ಎಂಬ ಕಿಣ್ವ. ಈ ಕಿಣ್ವ ಕೋಶಕಾಯದಲ್ಲಿ ತಯಾರಾಗಿ ನರತುದಿಗಳತ್ತ ಸಾಗಿಬಿಡುತ್ತದೆ. ಹಾಗಾಗಿ ಕೋಶಕಾಯ ಮಸುಕಾಗಿ ಕಾಣಬಹುದು. ಕಾಲ್ಚಿಸಿನ್ ಕೊಟ್ಟು ಸಾಗಣೆಯನ್ನು ತಡೆದಾಗ ಅದೇ ಕೋಶ ಎದ್ದು ಕಾಣುತ್ತದೆ. ಮಸುಕು ಎಂದರೆ 'ಇಲ್ಲ' ಎಂದಲ್ಲ. ಗಾಬಾವನ್ನೇ ನೇರವಾಗಿ ತೋರಿಸುವ ಪ್ರತಿಕಾಯ ವಿಧಾನವನ್ನು ಸ್ಟಾರ್ಮ್-ಮ್ಯಾಥಿಸೆನ್ ತಂಡ 1983ರಲ್ಲೇ ವರದಿ ಮಾಡಿತ್ತು. ಎರಡನ್ನೂ ಜೊತೆಗಿಟ್ಟು ಓದುವುದು ಕ್ಷೇಮ.

ಎರಡನೆಯದಾಗಿ, ಗಾಢ ಬಣ್ಣವೆಲ್ಲ ಗಾಬಾ ಕೋಶಗಳ ನೆಲೆಯಲ್ಲ. ಅನುಮಸ್ತಿಷ್ಕದ ಆಳದ ನ್ಯೂಕ್ಲಿಯಸ್‌ಗಳನ್ನು ನೋಡಿ. ಅಲ್ಲಿನ ದೊಡ್ಡ ಕೋಶಗಳನ್ನು ಮುತ್ತಿರುವ ಬಣ್ಣದ ಚುಕ್ಕೆಗಳಲ್ಲಿ ಹೆಚ್ಚಿನವು ತೊಗಟೆಯ ಪರ್ಕಿಂಜೆ ಕೋಶಗಳಿಂದ ಬಂದ ತುದಿಗಳು. ಆ ದೊಡ್ಡ ಕೋಶಗಳಲ್ಲಿ ಬಹುಪಾಲು ಸ್ವತಃ ಉದ್ರೇಕಕಾರಿಗಳು.

ಮೂರನೆಯ ಅಂಶ ಎಲ್ಲಕ್ಕಿಂತ ಗಂಭೀರ. ಇಲಿಯ ಥಲಾಮಸ್‌ನಲ್ಲಿ ಪಾರ್ಶ್ವ ಜೆನಿಕ್ಯುಲೇಟ್ ನ್ಯೂಕ್ಲಿಯಸ್ ಬಿಟ್ಟರೆ ಉಳಿದ ಹೆಚ್ಚಿನ ಪ್ರಸಾರ ನ್ಯೂಕ್ಲಿಯಸ್‌ಗಳಲ್ಲಿ ಗಾಬಾ ಅಂತರಕೋಶಗಳು ತೀರ ವಿರಳ. ಅವುಗಳಿಗೆ ತಡೆ ಬರುವುದು ಮುಖ್ಯವಾಗಿ ಪಕ್ಕದ ಜಾಲ ನ್ಯೂಕ್ಲಿಯಸ್‌ನಿಂದ. ಕೋತಿ, ಮಾನವರಂಥ ಪ್ರೈಮೇಟ್‌ಗಳ ಥಲಾಮಸ್‌ನಲ್ಲಾದರೋ ಅಂತರಕೋಶಗಳು ಎಲ್ಲೆಡೆ ಹೇರಳ. ಅಪಸ್ಮಾರದ ಕೆಲವು ಬಗೆಗಳಲ್ಲಿ ಥಲಾಮಸ್ ಮತ್ತು ತೊಗಟೆಯ ನಡುವಣ ಲಯವೇ ಏರುಪೇರಾಗುತ್ತದೆ. ಇಂಥಲ್ಲಿ ಇಲಿಯ ಚಿತ್ರವನ್ನು ಮಾನವನದೆಂದು ಬೋಧಿಸಿದರೆ ಔಷಧ ಕುರಿತ ತರ್ಕವೇ ದಾರಿತಪ್ಪುತ್ತದೆ.

ಇದು ನಕ್ಷಾವಳಿಯ ದೋಷವಲ್ಲ. ಇಲಿಯದೆಂದು ಅದು ಶೀರ್ಷಿಕೆಯಲ್ಲೇ ಸಾರಿದೆ. ತಪ್ಪುವುದು ಆ ಪದವನ್ನು ಕೈಬಿಟ್ಟು ಚಿತ್ರವನ್ನಷ್ಟೇ ಎತ್ತಿಕೊಳ್ಳುವ ಪಠ್ಯಗಳು. ಮುಂದೆ ಇಂಥ ಬಣ್ಣದ ಚಿತ್ರ ಕಂಡಾಗ, ಬಣ್ಣ ನೋಡುವ ಮೊದಲು ಅದರ ಕೆಳಗಿನ ಸಾಲನ್ನು ಓದಿ: ಯಾರ ಮಿದುಳು, ಬಣ್ಣ ಹಿಡಿದದ್ದು ಯಾವುದಕ್ಕೆ?