ಮನೆಮಾತು ಮತ್ತು ತಪಾಸಣೆ: ಅವಲಾಂಚ್ ಕಡೆಯಿಂದ ಒಂದು ಓದು

ನಾನು ಕನ್ನಡ ಎಂ.ಎ. ವಿದ್ಯಾರ್ಥಿನಿ. ಇವತ್ತು ಕಾವ್ಯವನ್ನಲ್ಲ, ಒಂದು ಕಾನೂನನ್ನು ಪಠ್ಯವಾಗಿ ಓದುತ್ತೇನೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ.

ಅದರ 16ನೇ ಕಲಂ ಪ್ರಕಾರ, ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿಗೆ ಅವರಿಗೆ ಹೊಂದುವ ಭಾಷೆಯಲ್ಲಿ ಪಾಠ ಆಗಬೇಕು. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಬೇಕು ಅಂತಲೂ ಅದೇ ಕಲಂ ಹೇಳುತ್ತದೆ. ಆದರೆ ಯಾವ ಭಾಷೆಯಲ್ಲಿ ಗುರುತಿಸಬೇಕು ಅನ್ನೋದು ಅಲ್ಲಿಲ್ಲ.

ನೀಲಗಿರಿಯ ಅವಲಾಂಚ್ ಸುತ್ತಿನ ಹಟ್ಟಿಗಳಲ್ಲಿ ಮನೆಮಾತು ಬಡಗ. ಜನಗಣತಿ ಅದನ್ನು ಕನ್ನಡದಡಿ ಎಣಿಸುತ್ತದೆ. ಶಾಲೆಯಲ್ಲಿ ಮಾತ್ರ ತಮಿಳು, ಇಂಗ್ಲಿಷ್. ತಮಿಳು ಓದಲು ತಡವರಿಸುವ ಏಳು ವರ್ಷದ ಮಗುವಿಗೆ ಇರುವುದು ಡಿಸ್ಲೆಕ್ಸಿಯಾನಾ, ಹೊಸ ಭಾಷೆಯ ತೊಡಕಾ? ತಪ್ಪು ಎರಡೂ ಕಡೆ ಆಗಬಹುದು. ಚೆನ್ನಾಗಿರೋ ಮಗುವಿಗೆ ಹಣೆಪಟ್ಟಿ ಬೀಳುತ್ತದೆ. ನೆರವು ಬೇಕಾದ ಮಗುವಿಗೆ ‘ಭಾಷೆ ಬಂದ್ರೆ ಸರಿಹೋಗುತ್ತೆ’ ಎಂಬ ಸಮಾಧಾನ ಸಿಕ್ಕು, ವರ್ಷಗಳೇ ಕಳೆಯುತ್ತವೆ.

2018ರ ಸಮಗ್ರ ಶಿಕ್ಷಾ ಯೋಜನೆಯಲ್ಲಿ ವಿಶೇಷ ಶಿಕ್ಷಕರಿಗೆ ಜಾಗವಿದೆ. ಅವರ ತರಬೇತಿಯ ಮಟ್ಟ, ನೋಂದಣಿ ನೋಡುವುದು 1992ರ ಕಾಯ್ದೆಯಡಿಯ ಭಾರತೀಯ ಪುನರ್ವಸತಿ ಪರಿಷತ್ತು. ಮನೆಮಾತಿನಲ್ಲೂ ಪರೀಕ್ಷಿಸದೆ ತೀರ್ಮಾನ ಬೇಡ ಎಂಬ ಪಾಠ ಆ ತರಬೇತಿಯಲ್ಲೇ ಗಟ್ಟಿಯಾಗಬೇಕು. ಬಡಗಕ್ಕೆ ಸ್ವಂತ ಲಿಪಿಯಿಲ್ಲ, ಓದಿಸಿ ನೋಡೋಕಾಗಲ್ಲ ನಿಜ. ಆದರೆ ಕಥೆ ಹೇಳಿಸಬಹುದು, ಪದದ ಧ್ವನಿಗಳನ್ನು ಬಿಡಿಸಿ ಹೇಳಿಸಬಹುದು.

ಇಲ್ಲಿ ನಮಗೂ ಕೆಲಸವಿದೆ. ಬಡಗ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ನಡೆಯಲಿ. ಅದರ ಜೊತೆಗೇ, ಹಟ್ಟಿಯವರನ್ನು ಕೇಳಿ ಅಂಥ ಕಥೆಗಳ, ಪದಗಳ ಪಟ್ಟಿಯೊಂದನ್ನು ಆ ಶಿಕ್ಷಕರ ಕೈಗೆ ಕೊಡೋಣ.