ಎಡಪಾದದ ಸುಖ

ಹಳೆಯ ಮೋಟಾರು ಸೈಕಲ್ಲುಗಳ ಸವಾರಿಸುಖಕ್ಕೆ ನಮ್ಮಲ್ಲಿ ಬೆಳೆದುಬಂದಿರುವ ಕೀರ್ತಿಯಲ್ಲಿ ಬಹುಭಾಗವನ್ನು ಸದ್ದೊಂದೇ ಕಬಳಿಸಿದೆ. ಬುಲೆಟ್ಟಿನ ಗುಡುಗು, ಜಾವಾದ ಜೋಡಿ ಸೈಲೆನ್ಸರುಗಳ ಲಯ, ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆಹೊಗೆಯ ವಾಸನೆ, ಇವನ್ನೇ ಆ ಯಂತ್ರಗಳ ಆತ್ಮವೆಂದು ಕೊಂಡಾಡುವ ರಸಿಕರ ಲೇಖನಗಳನ್ನು ಓದಿದಷ್ಟೂ, ಇವರು ವಾಹನದ ಪಕ್ಕದಲ್ಲಿ ನಿಂತು ಆನಂದಿಸಿದವರೇ ಹೊರತು ಅದನ್ನೇರಿ ಆನಂದಿಸಿದವರಲ್ಲವೆಂಬ ಸಂದೇಹ ನನ್ನಲ್ಲಿ ಬಲಿಯುತ್ತದೆ. ಸದ್ದು ದಾರಿಹೋಕನಿಗೂ ದೊರೆಯುತ್ತದೆ. ಸವಾರನೊಬ್ಬನಿಗೇ ದೊರೆಯುವುದು ಯಾವುದೆಂಬುದಲ್ಲವೆ ವಿಮರ್ಶಕನು ಕೇಳಬೇಕಾದ ಪ್ರಶ್ನೆ?

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಏಳುಬೀಳುಗಳನ್ನೂ, 1996ರಲ್ಲಿ ಅದು ಮುಚ್ಚಿದ್ದನ್ನೂ ಇಲ್ಲಿ ವಿಸ್ತರಿಸಬೇಕಾಗಿಲ್ಲ. 2018ರಲ್ಲಿ ಅದೇ ಹೆಸರು ಹೊತ್ತು ಮಧ್ಯಪ್ರದೇಶದ ಪೀಥಂಪುರದಿಂದ ಬಂದ ಹೊಸ ಜಾವಾ, ಹಳೆಯದರ ಟ್ಯಾಂಕಿನ ದುಂಡುತನವನ್ನೂ ಜೋಡಿ ಸೈಲೆನ್ಸರನ್ನೂ ಶ್ರದ್ಧೆಯಿಂದ ಅನುಕರಿಸಿತು. ಆದರೆ ಅನುಕರಿಸದೆ ಬಿಟ್ಟ ಒಂದು ಅಂಗದಲ್ಲಿಯೇ ಮೈಸೂರು ಜಾವಾದ ಸವಾರಿಯ ಸಾರವೆಲ್ಲ ಅಡಗಿತ್ತು.

ಅದು ಎಡಗಾಲಿನ ಬಳಿಯ ಒಂದೇ ಒಂದು ಸನ್ನೆ. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದು ಕಿಕ್ಕರು. ಎಂಜಿನ್ನು ಹೊತ್ತಿದ ಬಳಿಕ ಮುಂದಕ್ಕೆ ಮರಳಿಸಿದರೆ ಅದೇ ಗೇರಿನ ಸನ್ನೆ. ಈ ಮಿತವ್ಯಯವನ್ನು ಎಲ್ಲರೂ ಮೆಚ್ಚಿದ್ದಾರೆ, ಮೆಚ್ಚಿ ಅಲ್ಲಿಗೇ ನಿಂತಿದ್ದಾರೆ. ಹೆಚ್ಚಿನ ಕೌಶಲವಿರುವುದು ಅದರ ಮುಂದಿನ ಹೆಜ್ಜೆಯಲ್ಲಿ: ಸನ್ನೆಯನ್ನು ಪಾದವು ಒತ್ತತೊಡಗಿದ ಕೂಡಲೆ, ಗೇರು ಬದಲಾಗುವುದಕ್ಕೆ ಮೊದಲೇ, ಒಳಗಿನ ಏರ್ಪಾಡೊಂದು ಕ್ಲಚ್ಚನ್ನು ಬಿಡಿಸುತ್ತದೆ, ಒತ್ತಿ ಹಿಡಿದಷ್ಟು ಹೊತ್ತೂ ಅದು ಬಿಡಿಸಿಕೊಂಡೇ ಇರುತ್ತದೆ, ಪಾದವು ಹಿಂದೆಗೆದಂತೆಲ್ಲ ಮತ್ತೆ ಕೂಡಿಕೊಳ್ಳುತ್ತದೆ. ಆದಕಾರಣ ಎಡಗೈಯ ಹಿಡಿಯನ್ನು ಮುಟ್ಟದೆಯೇ ಗೇರು ಬದಲಿಸಬಹುದು. ನುರಿತವನಾದರೆ ನಿಂತಲ್ಲಿಂದ ಹೊರಡಲೂಬಹುದು. ಗಮನಿಸಬೇಕಾದದ್ದು ಇದು: ಒತ್ತುವುದು ಯಾರಿಂದಲೂ ಆದೀತು, ಬಿಡುವುದರಲ್ಲಿದೆ ವಿದ್ಯೆ. ಅವಸರದಿಂದ ಬಿಟ್ಟರೆ ಯಂತ್ರ ಎಗರುತ್ತದೆ. ಮೆಲ್ಲಗೆ, ಎಂಜಿನ್ನಿನ ವೇಗವನ್ನು ಆಲಿಸುತ್ತ ಬಿಟ್ಟರೆ ಒಂದು ಗೇರು ಇನ್ನೊಂದರಲ್ಲಿ ಕರಗಿದಂತೆ ಸಾಗುತ್ತದೆ. ವೀಣೆಯ ತಂತಿಯ ಮೇಲೆ ಜಾರುವ ಬೆರಳಿಗೆ ಎಷ್ಟು ಒತ್ತಡವೆಂಬುದು ತಿಳಿದಿರುವಂತೆ, ಆ ಪಾದಕ್ಕೆ ತಿಳಿಯುತ್ತ ಬರುತ್ತದೆ. ತಪ್ಪಿಗೆ ತಕ್ಷಣವೇ ಜರ್ಕಿನ ಉತ್ತರ, ಒಪ್ಪಿಗೆ ತಕ್ಷಣವೇ ನಯದ ಉತ್ತರ: ಕಲಿಯುವವನಿಗೂ ಕಲಿಸುವ ಯಂತ್ರಕ್ಕೂ ನಡುವೆ ಇಷ್ಟು ನೇರವಾದ ಸಂವಾದವನ್ನು ನಾನು ಬೇರೆ ವಾಹನದಲ್ಲಿ ಕಂಡಿಲ್ಲ.

ಹೊಸದರ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡುತ್ತೇನೆ. 2018ರಲ್ಲಿ ಬಂದಾಗ ಅದರ 293 ಸಿಸಿಯ ಎಂಜಿನ್ನು ಸುಮಾರು 27 ಅಶ್ವಶಕ್ತಿಯನ್ನು ಕೊಡುತ್ತಿತ್ತು. ಹಳೆಯದರದು ಹನ್ನೆರಡರ ಆಸುಪಾಸು. ಡಿಸ್ಕ್ ಬ್ರೇಕು ಮತ್ತು ಎಬಿಎಸ್‌ನಿಂದ ಉಳಿದಿರುವ ಪ್ರಾಣಗಳ ಎದುರು ಯಾವ ಸುಖದ ವಾದವೂ ನಿಲ್ಲಲಾರದು. ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಟೂ ಸ್ಟ್ರೋಕ್ ಎಂಜಿನ್ನು ವೇಗವನ್ನು ತಡೆಯುವುದು ತೀರ ಅಲ್ಪ. ಭಾರವೆಲ್ಲ ಡ್ರಮ್ ಬ್ರೇಕುಗಳ ಮೇಲೆ. ಆರು ವೋಲ್ಟಿನ ದೀಪವಂತೂ ಎಂಜಿನ್ನಿನ ವೇಗ ತಗ್ಗಿದೊಡನೆ ಮಂಕಾಗುತ್ತಿತ್ತು. ಇವು ದೋಷಗಳೇ, ಇವನ್ನು ‘ವ್ಯಕ್ತಿತ್ವ’ವೆಂದು ವರ್ಣಿಸುವ ಭಕ್ತರೊಡನೆ ನನ್ನದು ರಾಜಿಯಿಲ್ಲದ ಜಗಳ. ನಡುಕವನ್ನೂ ಬಿಸಿಯನ್ನೂ ಪೂಜಿಸುವವರಿಂದಲೇ ಹಳೆಯ ಯಂತ್ರದ ನಿಜವಾದ ಗುಣ ಮರೆಯಾದದ್ದು. ಅಶ್ವಶಕ್ತಿಯ ಪಟ್ಟಿ ಹಿಡಿದು ಹೊಸದೇ ಹೆಚ್ಚು ಸುಖವೆಂದು ತೀರ್ಪು ಕೊಡುವ ಇನ್ನೊಂದು ಪಕ್ಷವಾದರೋ ಸುಖವನ್ನೂ ಸೌಕರ್ಯವನ್ನೂ ಒಂದೇ ಎಂದು ಬಗೆದಿದೆ. ಇಂಧನದ ಪ್ರಮಾಣವನ್ನು ಗಣಕವೇ ನಿರ್ಣಯಿಸಿ, ಗುಂಡಿಯೊತ್ತಿದೊಡನೆ ಎಂಜಿನ್ನು ಹೊತ್ತುವಲ್ಲಿ ಸವಾರನು ಕ್ಷೇಮವಾಗಿ ತಲುಪುತ್ತಾನೆ. ಆದರೆ ಅವನ ಕೌಶಲ ಹೆಚ್ಚಿದ್ದಕ್ಕೆ ಯಂತ್ರವು ಸಾಕ್ಷಿ ನುಡಿಯುವ ಸಂದರ್ಭಗಳು ವಿರಳ. ಹೊಸ ಜಾವಾ ಯೋಗ್ಯವಾದ ವಾಹನ. ಸವಾರಿಯ ಆನಂದದಲ್ಲಿ ಅದು ಮೈಸೂರಿನದಕ್ಕೆ ಸಮವಲ್ಲ. ಟ್ಯಾಂಕಿನ ಹೋಲಿಕೆಯಿಂದ ಆ ಕೊರತೆ ತುಂಬುವುದಿಲ್ಲ.

ಹೊಸದನ್ನು ಕೊಳ್ಳಹೊರಟ ಓದುಗರಲ್ಲಿ ನನ್ನ ಬಿನ್ನಹವಿಷ್ಟು. ಪರಿಚಯದವರ ಮನೆಯಲ್ಲಿ ಸುಸ್ಥಿತಿಯ ಹಳೆಯ ಜಾವಾ ಇದ್ದರೆ, ಕೇಳಿ ಪಡೆದು, ಸಂಚಾರವಿಲ್ಲದ ಸಮತಟ್ಟಾದ ದಾರಿಯಲ್ಲಿ ಒಮ್ಮೆ ಏರಿರಿ. ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋಗುವಾಗ ಎಡಗೈಯನ್ನು ಸುಮ್ಮನಿರಿಸಿ, ಪಾದವನ್ನು ನಿಧಾನವಾಗಿ ಹಿಂದೆಗೆಯಿರಿ. ಆಮೇಲೆ ಬೇಕಾದುದನ್ನು ಕೊಳ್ಳಿರಿ.